ಬರೋ ಮೇಲ್ ಬರುತ್ತೆ, ಹೋಗೋದು ಮಾತ್ರ ಹೋಗಲ್ಲ: ಅಕೌಂಟ್ ಅಳಿಸಬೇಡಿ, ಜಾವಕ ನೋಡಿ

ಪ್ರಶ್ನೆ: ನಾನು ಕಲಬುರಗಿಯ ನೆಹರು ಗಂಜ್ ಹತ್ತಿರ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಆಫೀಸಿನ ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ಇದೆ. ಅದರಲ್ಲಿ ಎರಡು ಅಕೌಂಟ್. ಒಂದು ಮಿಲ್‌ನ ಸ್ವಂತ ಡೊಮೈನ್‌ದು, ಪಾಪ್. ಎಂಟು ವರ್ಷದ ಮೇಲ್ ಅದರಲ್ಲೇ ಇವೆ. ಇನ್ನೊಂದು ಸಾಹುಕಾರರ ಹಳೆಯ ಜಿಮೇಲ್. ಹೋದ ವಾರ ಇಂಟರ್‌ನೆಟ್ ಕಂಪನಿ ಬದಲಾಯಿಸಿ ಫೈಬರ್ ಹಾಕಿಸಿದೆವು. ಅವತ್ತಿನಿಂದ ಬರೋವು ಬರ್ತಾವ್ರಿ, ಹೋಗೋವು ಮಾತ್ರ ಹೋಗವಲ್ಲವು. ಸೆಂಡ್ ಒತ್ತಿದರೆ ಸುಮಾರು ಹೊತ್ತು ತಿರುಗಿ 'ಟೈಮ್ಡ್ ಔಟ್' ಅನ್ನುತ್ತದೆ. ಜಿಮೇಲ್‌ನಿಂದಾದರೂ ಕಳಿಸೋಣ ಅಂದರೆ ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ, ಸರಿಯಾದದ್ದು ಹಾಕಿದರೂ ಒಪ್ಪುವುದಿಲ್ಲ. ಔಟ್‌ಬಾಕ್ಸ್‌ನಲ್ಲಿ 17 ಮೇಲ್ ನಿಂತಿವೆ. ಕಂಪ್ಯೂಟರ್ ಗೊತ್ತಿರುವ ಒಬ್ಬರು 'ಅಕೌಂಟ್ ಡಿಲೀಟ್ ಮಾಡಿ ಹೊಸದಾಗಿ ಹಾಕಿ' ಅಂದಿದ್ದಾರೆ. ಹಾಗೆ ಮಾಡಲೇ?

ಉತ್ತರ: ಬೇಡ. ಇವತ್ತು ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಅದೊಂದನ್ನು ಮಾತ್ರ ಮಾಡಬೇಡಿ.

ಪಾಪ್ ಅಂದರೆ ಮೇಲ್ ಸರ್ವರ್‌ನಿಂದ ನಿಮ್ಮ ಕಂಪ್ಯೂಟರ್‌ಗೆ ಇಳಿದು ಬರುತ್ತದೆ. ಸಾಮಾನ್ಯವಾಗಿ ಕೆಲವು ದಿನ ಕಳೆದ ಮೇಲೆ ಸರ್ವರ್‌ನಲ್ಲಿ ಅದು ಇರುವುದಿಲ್ಲ. ಅಂದರೆ ನಿಮ್ಮ ಎಂಟು ವರ್ಷದ ಪತ್ರ, ವ್ಯಾಪಾರದ ಮಾತು, ದರದ ಒಪ್ಪಿಗೆ ಎಲ್ಲಾ ಇರುವುದು ಆ ಒಂದು ಹಾರ್ಡ್ ಡಿಸ್ಕ್‌ನಲ್ಲಿ. ಅಕೌಂಟ್ ತೆಗೆಯುವಾಗ ಥಂಡರ್‌ಬರ್ಡ್ ಒಂದು ಚೌಕ ತೋರಿಸುತ್ತದೆ, 'ರಿಮೂವ್ ಮೆಸೇಜ್ ಡೇಟಾ' ಅಂತ. ಅವಸರದಲ್ಲಿ ಅದಕ್ಕೆ ಟಿಕ್ ಹಾಕಿ ಮುಂದೆ ಹೋದರೆ ಅಷ್ಟೂ ಹೋಯಿತು. ಹೊಸ ಅಕೌಂಟ್ ಹಾಕಿದಾಗ ಬರುವುದು ಸರ್ವರ್‌ನಲ್ಲಿ ಉಳಿದಿರುವ ನಾಲ್ಕು ದಿನದ ಮೇಲ್ ಮಾತ್ರ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಬೀದರ್‌ನಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಬಿದರಿ ಸಾಮಾನು ಹೊರ ಊರಿಗೆ ಕಳಿಸುವ ಒಂದು ಸಣ್ಣ ಅಂಗಡಿ. ಮೇಲ್ ಹೋಗುತ್ತಿಲ್ಲ ಅಂತ ಕರೆದರು. ಒಂದು ಗಂಟೆ ಒದ್ದಾಡಿ, ಕೊನೆಗೆ ಅಕೌಂಟ್ ಅಳಿಸಿ ಮತ್ತೆ ಹಾಕಿದೆ. ಮೇಲ್ ಹೋಗಲಿಲ್ಲ. ಹಳೆಯ ಮೇಲ್ ಒಂದೂ ಇರಲಿಲ್ಲ. ಗಿರಾಕಿಗಳು ಕಳಿಸಿದ್ದ ಹೂಜಿ, ತಟ್ಟೆಗಳ ನಕ್ಷೆ, ಅಳತೆ ಎಲ್ಲಾ ಅದರಲ್ಲೇ ಇದ್ದವು. ಅಂಗಡಿಯ ಹಿರಿಯರು ಬೈಯಲಿಲ್ಲ. ಮೇಜಿನ ಖಾನೆ ಎಳೆದು, ಪ್ರಿಂಟ್ ತೆಗೆಸಿಟ್ಟಿದ್ದ ಹತ್ತು ಹನ್ನೆರಡು ಹಾಳೆ ಹೊರಗೆ ತೆಗೆದರು. ಒಂದೊಂದಾಗಿ ನೇರ ಮಾಡಿ ಗಾಜಿನ ಕೆಳಗೆ ಇಟ್ಟರು. ಉಳಿದದ್ದು ಅಷ್ಟೇ. ಮರುದಿನ ಗೊತ್ತಾಯಿತು, ಬದಲಾಯಿಸಬೇಕಾಗಿದ್ದದ್ದು ಒಂದೇ ಒಂದು ನಂಬರ್. ನಿಮ್ಮದೂ ಬಹುತೇಕ ಅದೇ ನಂಬರ್.

ಹಾಗಾಗಿ ಮೊದಲು ನಕಲು ಮಾಡಿಕೊಳ್ಳಿ. ಥಂಡರ್‌ಬರ್ಡ್‌ನ ಹೆಲ್ಪ್ ಮೆನುವಿನಲ್ಲಿ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಅಂತ ಇದೆ. ತೆರೆದರೆ 'ಪ್ರೊಫೈಲ್ ಫೋಲ್ಡರ್' ಎದುರು 'ಓಪನ್ ಫೋಲ್ಡರ್' ಅನ್ನುವ ಬಟನ್. ಒತ್ತಿ. ಫೋಲ್ಡರ್ ತೆರೆದ ಮೇಲೆ ಥಂಡರ್‌ಬರ್ಡ್ ಪೂರ್ತಿ ಮುಚ್ಚಿ. ಆ ಇಡೀ ಫೋಲ್ಡರ್ ಅನ್ನು ಪೆನ್ ಡ್ರೈವ್‌ಗೆ ಕಾಪಿ ಮಾಡಿ. ಎಂಟು ವರ್ಷದ ಮೇಲ್ ಅಂದರೆ ಕೆಲವು ಜಿಬಿ ಇರಬಹುದು, ಚಹಾ ಕುಡಿದು ಬರುವಷ್ಟು ಹೊತ್ತು ಬೇಕು. ಅದು ಮುಗಿದ ಮೇಲೆ ಸೆಟ್ಟಿಂಗ್ ಮುಟ್ಟೋಣ.

ಈಗ ವಿಷಯಕ್ಕೆ ಬರೋಣ. ಯಾವ ಕಚೇರಿಗೆ ಹೋದರೂ ಆವಕ ಬೇರೆ, ಜಾವಕ ಬೇರೆ, ಅಲ್ವಾ? ರಿಜಿಸ್ಟರ್ ಎರಡು, ನಂಬರ್ ಸಾಲು ಎರಡು, ಎಷ್ಟೋ ಕಡೆ ಕೂರುವ ಗುಮಾಸ್ತರೂ ಇಬ್ಬರು. ಆವಕದವರು ಹಾಜರಿದ್ದಾರೆ ಅಂದಮಾತ್ರಕ್ಕೆ ಜಾವಕದವರು ರಜೆ ಹಾಕಿಲ್ಲ ಅಂತ ಹೇಳಲಾಗುವುದಿಲ್ಲ. ಮೇಲ್ ಪ್ರೋಗ್ರಾಂ ಒಳಗೂ ಹೀಗೇ. ಮೇಲ್ ತರುವ ಸರ್ವರ್ ಒಂದು, ಅದು ಪಾಪ್ ಅಥವಾ ಐಮ್ಯಾಪ್. ಕಳಿಸುವ ಸರ್ವರ್ ಇನ್ನೊಂದು, ಅದು ಎಸ್‌ಎಂಟಿಪಿ. ಹೆಸರು ಬೇರೆ, ಬಾಗಿಲ ನಂಬರ್ ಬೇರೆ, ಕಂಪ್ಯೂಟರ್ ನೆನಪಿಟ್ಟುಕೊಂಡ ಪಾಸ್‌ವರ್ಡ್ ಕೂಡ ಎರಡು ಕಡೆ ಬೇರೆ ಬೇರೆ. ಹಾಗಾಗಿ 'ಇಂಟರ್‌ನೆಟ್ ಸರಿ ಇದೆ, ಪಾಸ್‌ವರ್ಡ್ ಸರಿ ಇದೆ, ಮೇಲ್ ಬರ್ತಾ ಇದೆಯಲ್ಲ' ಅನ್ನುವುದು ಆವಕದ ಮಾತು. ಜಾವಕದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಯಾಕೆ ಹೀಗೆ ಎರಡು ಅಂತ ತಿಳಿದುಕೊಂಡರೆ ನಿಮ್ಮ ತೊಂದರೆಯೂ ಅರ್ಥ ಆಗುತ್ತದೆ. ಎಸ್‌ಎಂಟಿಪಿ ನಿಯಮವನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಅದರಲ್ಲಿ ಪಾಸ್‌ವರ್ಡ್ ಕೇಳುವ ಮಾತೇ ಇರಲಿಲ್ಲ. ಯಾರು ಬೇಕಾದರೂ ಬಂದು 25ನೇ ನಂಬರ್ ಬಾಗಿಲಲ್ಲಿ ಪತ್ರ ಕೊಟ್ಟರೆ ಸರ್ವರ್ ತೆಗೆದುಕೊಂಡು ಮುಂದೆ ಕಳಿಸುತ್ತಿತ್ತು. ನೆಟ್‌ವರ್ಕ್‌ನಲ್ಲಿ ಇದ್ದವರು ಕೆಲವೇ ಜನ, ಹಾಗಾಗಿ ನಡೆಯಿತು. ಆಮೇಲೆ ಸ್ಪ್ಯಾಮ್ ಕಳಿಸುವವರು ಇದೇ ಬಾಗಿಲು ಹಿಡಿದರು. ವೈರಸ್ ಹೊಕ್ಕ ಮನೆಯ ಕಂಪ್ಯೂಟರ್‌ಗಳು ಮಾಲೀಕರಿಗೆ ಗೊತ್ತೇ ಆಗದಂತೆ ಸಾವಿರಾರು ಮೇಲ್ ಉಗುಳತೊಡಗಿದವು. ಅದಕ್ಕೆ ಗಿರಾಕಿಗಳು ಮೇಲ್ ಕೊಡಲು ಬೇರೆ ಬಾಗಿಲು ಮಾಡಿದರು, 587. ಇದು 1998ರ ಮಾತು. ಮರುವರ್ಷ ಎಸ್‌ಎಂಟಿಪಿಗೆ ಹೆಸರು-ಪಾಸ್‌ವರ್ಡ್ ಕೇಳುವ ನಿಯಮ ಬಂತು. 25 ಈಗ ಒಂದು ಸರ್ವರ್ ಇನ್ನೊಂದು ಸರ್ವರ್‌ಗೆ ಕೊಡುವ ಬಾಗಿಲು. ನಮ್ಮ ನಿಮ್ಮಂಥವರು ಅಲ್ಲಿ ಹೋಗುವಂತಿಲ್ಲ. ತುಂಬಾ ಇಂಟರ್‌ನೆಟ್ ಕಂಪನಿಗಳು ತಮ್ಮ ಗಿರಾಕಿಗಳಿಗೆ 25 ಅನ್ನು ಪೂರ್ತಿ ಮುಚ್ಚಿಬಿಟ್ಟಿವೆ.

ಈಗ ನಿಮ್ಮ ಕಥೆ ನೋಡಿ. ಎಂಟು ವರ್ಷದ ಹಿಂದೆ ಯಾರೋ ಅಕೌಂಟ್ ಹಾಕಿಕೊಟ್ಟಿದ್ದಾರೆ. ಹಳೆಯ ಇಂಟರ್‌ನೆಟ್‌ನಲ್ಲಿ 25 ತೆರೆದಿತ್ತು, ಕೆಲಸ ನಡೆದಿತ್ತು. ಫೈಬರ್ ಬಂತು, ಹೊಸ ಕಂಪನಿಯವರ ಹತ್ತಿರ 25 ಮುಚ್ಚಿದೆ. ನಿಮ್ಮ ಥಂಡರ್‌ಬರ್ಡ್ ಮುಚ್ಚಿದ ಬಾಗಿಲು ಬಡಿಯುತ್ತಾ ನಿಂತಿದೆ. ಒಳಗಿನಿಂದ 'ಬೇಡ' ಅನ್ನುವ ದನಿ ಕೂಡ ಇಲ್ಲ. ಅದಕ್ಕೇ 'ಟೈಮ್ಡ್ ಔಟ್'. ಪಾಸ್‌ವರ್ಡ್ ತಪ್ಪಿದ್ದರೆ ಈ ಮಾತು ಬರುವುದಿಲ್ಲ, ಯಾಕೆಂದರೆ ಪಾಸ್‌ವರ್ಡ್ ಕೇಳುವವರ ತನಕ ನಿಮ್ಮ ಮೇಲ್ ಹೋಗಿಯೇ ಇಲ್ಲ.

ನೋಡುವ ಜಾಗ ಇಲ್ಲಿದೆ. ಮೇಲೆ ಬಲಗಡೆ ಮೂರು ಗೆರೆಯ ಗುರುತು, ಅದರಲ್ಲಿ 'ಅಕೌಂಟ್ ಸೆಟ್ಟಿಂಗ್ಸ್'. ಎಡಗಡೆ ಅಕೌಂಟ್‌ಗಳ ಸಾಲು ಕಾಣುತ್ತದೆ. ಜನ ಅಲ್ಲಿ ಮಿಲ್ ಅಕೌಂಟ್ ಕೆಳಗೆ 'ಸರ್ವರ್ ಸೆಟ್ಟಿಂಗ್ಸ್' ತೆರೆದು ಅದನ್ನೇ ತಿದ್ದುತ್ತಾರೆ. ಅದು ಆವಕ. ಅದನ್ನು ಮುಟ್ಟಬೇಡಿ, ಸರಿ ಇರುವುದನ್ನು ಕೆಡಿಸಿದ ಹಾಗೆ ಆಗುತ್ತದೆ. ಎಲ್ಲಾ ಅಕೌಂಟ್ ದಾಟಿ ಎಡಗಡೆ ತೀರಾ ಕೆಳಗೆ ಬನ್ನಿ. 'ಔಟ್‌ಗೋಯಿಂಗ್ ಸರ್ವರ್' ಅಂತ ಒಂದು ಸಾಲು ಬೇರೆಯಾಗಿಯೇ ಇದೆ. ಅದನ್ನು ಒತ್ತಿದರೆ ಬಲಗಡೆ ನಿಮ್ಮ ಕಳಿಸುವ ಸರ್ವರ್‌ಗಳ ಪಟ್ಟಿ. ಮಿಲ್‌ನದನ್ನು ಆರಿಸಿ 'ಎಡಿಟ್' ಒತ್ತಿ. ತೆರೆದ ಪೆಟ್ಟಿಗೆಯನ್ನು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹಿಂದೆ ಹೋಗಬೇಕಾದರೆ ಅದು ಬೇಕು.

ಅಲ್ಲಿ ಪೋರ್ಟ್ (ಬಾಗಿಲ ನಂಬರ್) 25, ಕನೆಕ್ಷನ್ ಸೆಕ್ಯುರಿಟಿ 'ನನ್' (ಯಾವುದೂ ಇಲ್ಲ) ಅಂತ ಇದ್ದರೆ ಕಳ್ಳ ಸಿಕ್ಕ ಹಾಗೆ. ಪೋರ್ಟ್ 587 ಮಾಡಿ. ಸೆಕ್ಯುರಿಟಿ 'ಸ್ಟಾರ್ಟ್‌ಟಿಎಲ್‌ಎಸ್'. ಅಥೆಂಟಿಕೇಶನ್ ಮೆಥಡ್ 'ನಾರ್ಮಲ್ ಪಾಸ್‌ವರ್ಡ್'. ಯೂಸರ್ ನೇಮ್ ಜಾಗದಲ್ಲಿ ಪೂರ್ತಿ ಮೇಲ್ ವಿಳಾಸ, ಆಟ್ ಗುರುತು ಮತ್ತು ಡೊಮೈನ್ ಸಮೇತ. ಬರೀ ಮುಂದಿನ ಹೆಸರು ಬರೆದು ಬಿಡುವುದು ತುಂಬಾ ಕಡೆ ಆಗುವ ತಪ್ಪು. ಓಕೆ ಒತ್ತಿ, ನಿಮಗೆ ನೀವೇ ಒಂದು ಮೇಲ್ ಕಳಿಸಿ ನೋಡಿ. 'ನಾರ್ಮಲ್ ಪಾಸ್‌ವರ್ಡ್' ಅಂದರೆ ಬೀದಿಯಲ್ಲಿ ಕೂಗಿ ಹೇಳಿದ ಹಾಗೆ ಅಂತ ಹೆದರಬೇಡಿ. ಸ್ಟಾರ್ಟ್‌ಟಿಎಲ್‌ಎಸ್ ಹಾಕಿದ ಮೇಲೆ ಮಾತುಕತೆ ಗುಪ್ತವಾಗಿ ನಡೆಯುತ್ತದೆ, ಪಾಸ್‌ವರ್ಡ್ ಅದರೊಳಗೇ ಹೋಗುತ್ತದೆ. ಹಳೆಯ 25ರಲ್ಲಿ 'ನನ್' ಇದ್ದಾಗಲೇ ನಿಮ್ಮ ಪತ್ರ, ಬಿಲ್ ಎಲ್ಲಾ ತೆರೆದ ಕಾರ್ಡಿನಂತೆ ಹೋಗುತ್ತಿದ್ದವು.

587ರಲ್ಲಿ ಆಗದಿದ್ದರೆ 465 ಹಾಕಿ. ಆದರೆ ಆಗ ಸೆಕ್ಯುರಿಟಿಯನ್ನೂ 'ಎಸ್‌ಎಸ್‌ಎಲ್/ಟಿಎಲ್‌ಎಸ್' ಮಾಡಲೇಬೇಕು. ಈ ಜೋಡಿ ತಪ್ಪಿದರೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಇಲ್ಲೇ ಎಡವುವವರು ಜಾಸ್ತಿ. 587ರಲ್ಲಿ ಮೊದಲು ಸರ್ವರ್ ಮಾತಾಡುತ್ತದೆ, '220, ಬನ್ನಿ' ಅಂತ. ಆಮೇಲೆ ಎರಡೂ ಕಡೆಯವರು ಸೇರಿ ಬೀಗ ಹಾಕಿಕೊಂಡು ಮುಂದಿನ ಮಾತು ಆಡುತ್ತಾರೆ. 465ರಲ್ಲಿ ಮೊದಲೇ ಬೀಗ, ಆಮೇಲೆ ಮಾತು. ಅಲ್ಲಿ ಮೊದಲ ಹೆಜ್ಜೆ ನಿಮ್ಮ ಕಂಪ್ಯೂಟರ್ ಇಡಬೇಕು. 465 ಹಾಕಿ ಸ್ಟಾರ್ಟ್‌ಟಿಎಲ್‌ಎಸ್ ಇಟ್ಟರೆ ನಿಮ್ಮ ಪ್ರೋಗ್ರಾಂ ಸರ್ವರ್‌ನ 'ಬನ್ನಿ'ಗಾಗಿ ಕಾಯುತ್ತದೆ, ಸರ್ವರ್ ನಿಮ್ಮ ಕೀಲಿಗಾಗಿ ಕಾಯುತ್ತದೆ. ಮದುವೆ ಮನೆಯ ಊಟದ ಸಾಲಿನಲ್ಲಿ 'ನೀವು ಮೊದಲು, ನೀವು ಮೊದಲು' ಅಂತ ಇಬ್ಬರೂ ನಿಂತ ಹಾಗೆ. ಕೊನೆಗೆ ಮತ್ತೆ ಟೈಮ್ಡ್ ಔಟ್. ಆಗ ನೀವು 'ಈ ಬಾಗಿಲೂ ಮುಚ್ಚಿದೆ' ಅಂದುಕೊಳ್ಳುತ್ತೀರಿ. ಮುಚ್ಚಿರುವುದಿಲ್ಲ. ಉಲ್ಟಾ, 587 ಹಾಕಿ ಎಸ್‌ಎಸ್‌ಎಲ್ ಇಟ್ಟರೆ ಕಾಯಿಸುವುದೂ ಇಲ್ಲ, ತಕ್ಷಣ ಸಂಪರ್ಕ ಕಡಿಯುತ್ತದೆ.

'465 ಹಳೆಯದು, ಬಳಸಬಾರದು' ಅಂತ ಯಾರಾದರೂ ಹೇಳಿದರೆ ಅದು ಒಂದು ಕಾಲದಲ್ಲಿ ನಿಜವಾಗಿತ್ತು. 1997ರಲ್ಲಿ ಕೊಟ್ಟ ಆ ನಂಬರ್ ಅನ್ನು ಮರುವರ್ಷವೇ ವಾಪಸ್ ತೆಗೆದುಕೊಂಡಿದ್ದರು. 2018ರಲ್ಲಿ ಅದನ್ನೇ ಮತ್ತೆ ನಿಯಮಕ್ಕೆ ಸೇರಿಸಿ, ಇದೇ ಒಳ್ಳೆಯದು ಅಂತ ಹೇಳಿದರು. ಎರಡರಲ್ಲಿ ಯಾವುದು ನಡೆದರೂ ನಿಮಗೆ ಸರಿ.

ನನ್ನ ಊಹೆ ತಪ್ಪಿ, ನಿಮ್ಮ ಪೆಟ್ಟಿಗೆಯಲ್ಲಿ ಮೊದಲೇ 587 ಇದ್ದರೆ? ಆಗ ಸರ್ವರ್ ಹೆಸರು ಓದಿ. ಹಳೆಯ ದಿನಗಳಲ್ಲಿ ಇಂಟರ್‌ನೆಟ್ ಕಂಪನಿಯದೇ ಕಳಿಸುವ ಸರ್ವರ್ ಹಾಕಿಕೊಡುವ ರೂಢಿ ಇತ್ತು. ಆ ಸರ್ವರ್ ತನ್ನ ಗಿರಾಕಿಗಳಿಗೆ ಪಾಸ್‌ವರ್ಡ್ ಇಲ್ಲದೆಯೂ ಮೇಲ್ ಒಪ್ಪಿಕೊಳ್ಳುತ್ತಿತ್ತು. ಕಂಪನಿ ಬಿಟ್ಟ ಮೇಲೆ ನೀವು ಅದಕ್ಕೆ ಪರಕೀಯರು. ಅಲ್ಲಿ ಡೊಮೈನ್ ಕೊಟ್ಟವರು ಹೇಳಿದ ಕಳಿಸುವ ಸರ್ವರ್ ಹೆಸರು ಹಾಕಬೇಕು. ಅವರಿಗೆ ಫೋನ್ ಮಾಡಿ ಮೂರೇ ಮಾತು ಕೇಳಿ: ಸರ್ವರ್ ಹೆಸರು, ಪೋರ್ಟ್, ಸೆಕ್ಯುರಿಟಿ.

ಇಂಟರ್‌ನೆಟ್‌ನದೇ ತಪ್ಪಾ ಅಂತ ಪರೀಕ್ಷೆ ಮಾಡಲು ಸುಲಭದ ದಾರಿ ನಿಮ್ಮ ಮೊಬೈಲ್. ಡೆಸ್ಕ್‌ಟಾಪ್‌ಗೆ ವೈಫೈ ಇಲ್ಲದಿದ್ದರೆ ಚಾರ್ಜಿಂಗ್ ಕೇಬಲ್‌ನಿಂದ ಫೋನ್ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಫೈಬರ್‌ನ ತಂತಿ ಕಿತ್ತಿಡಿ. ಈಗ ಅದೇ ಸೆಟ್ಟಿಂಗ್‌ನಲ್ಲಿ ಮೇಲ್ ಹೋದರೆ ತಡೆ ಫೈಬರ್‌ನ ಕಡೆ ಇದೆ. ಹೋಗದಿದ್ದರೆ ಮಾತ್ರ ಅವಸರದ ತೀರ್ಮಾನ ಬೇಡ, 25 ಅನ್ನು ಮೊಬೈಲ್ ಕಂಪನಿಯೂ ಮುಚ್ಚಿರಬಹುದು.

ಮಿಲ್ ಅಕೌಂಟ್ ಆಯಿತು. ಸಾಹುಕಾರರ ಜಿಮೇಲ್‌ನದು ಬೇರೆಯೇ ಕಾಯಿಲೆ. ಅಲ್ಲಿ ಬಾಗಿಲು ತೆರೆದಿದೆ, ಗುಮಾಸ್ತರು ಕೂತಿದ್ದಾರೆ, ನಿಮ್ಮ ಕೀಲಿ ಮಾತ್ರ ಒಪ್ಪುತ್ತಿಲ್ಲ. ಪಾಸ್‌ವರ್ಡ್ ಸರಿ ಇದ್ದರೂ ಒಪ್ಪುವುದಿಲ್ಲ, ಯಾಕೆಂದರೆ 2022ರ ಮೇ 30ರಿಂದ ಗೂಗಲ್ ತನ್ನ ಸಾಮಾನ್ಯ ಪಾಸ್‌ವರ್ಡ್ ಅನ್ನು ಬೇರೆ ಪ್ರೋಗ್ರಾಂಗಳಲ್ಲಿ ಬಳಸಲು ಬಿಡುತ್ತಿಲ್ಲ. ತಪ್ಪಿನ ಸಂದೇಶದಲ್ಲಿ 535 ಅಥವಾ 534 ಅನ್ನುವ ನಂಬರ್ ಇದ್ದರೆ ಇದೇ ಮಾತು. 'ಮತ್ತೆ ಮೇಲ್ ಬರ್ತಾ ಇದೆಯಲ್ಲ' ಅಂತ ಕೇಳಬಹುದು. ಆವಕದ ಕಡೆ ಯಾರೋ ಹೊಸ ಪದ್ಧತಿಗೆ ಬದಲಾಯಿಸಿದ್ದಾರೆ, ಜಾವಕದ ಕಡೆ ಬಿಟ್ಟಿದ್ದಾರೆ. ಆ ಜಿಮೇಲ್‌ನಿಂದ ಈ ಕಂಪ್ಯೂಟರ್‌ನಲ್ಲಿ ಕಳಿಸುವ ಪ್ರಸಂಗ ಬರದೆ ಇದ್ದುದರಿಂದ ಇಷ್ಟು ದಿನ ಗೊತ್ತಾಗಿಲ್ಲ.

ಅದೇ 'ಔಟ್‌ಗೋಯಿಂಗ್ ಸರ್ವರ್' ಪಟ್ಟಿಯಲ್ಲಿ ಜಿಮೇಲ್‌ನದನ್ನು ತೆರೆಯಿರಿ. ಸರ್ವರ್ ಹೆಸರು ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್. 465ಕ್ಕೆ ಎಸ್‌ಎಸ್‌ಎಲ್/ಟಿಎಲ್‌ಎಸ್, ಇಲ್ಲವೇ 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್. ಅಥೆಂಟಿಕೇಶನ್ ಮೆಥಡ್‌ನಲ್ಲಿ 'ನಾರ್ಮಲ್ ಪಾಸ್‌ವರ್ಡ್' ತೆಗೆದು 'ಓಆಥ್2' ಆರಿಸಿ, ಅಂದರೆ ಗೂಗಲ್‌ನದೇ ಕಿಟಕಿಯಲ್ಲಿ ಲಾಗಿನ್ ಮಾಡಿ ಒಪ್ಪಿಗೆ ಕೊಡುವ ಪದ್ಧತಿ. ಆಮೇಲೆ ಹಳೆಯ ಪಾಸ್‌ವರ್ಡ್ ನೆನಪು ಅಳಿಸಬೇಕು. ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೆಸಿ ಆಂಡ್ ಸೆಕ್ಯುರಿಟಿ', ಅದರಲ್ಲಿ 'ಸೇವ್ಡ್ ಪಾಸ್‌ವರ್ಡ್ಸ್'. ಎಸ್‌ಎಂಟಿಪಿ ಅಂತ ಶುರುವಾಗುವ ಜಿಮೇಲ್ ಸಾಲು ಮಾತ್ರ ತೆಗೆಯಿರಿ. ಪಕ್ಕದಲ್ಲಿರುವ ಬೇರೆ ಸಾಲುಗಳು ಹಾಗೇ ಇರಲಿ. ಈಗ ಮೇಲ್ ಕಳಿಸಿದರೆ ಗೂಗಲ್‌ನ ಕಿಟಕಿ ತೆರೆದು ಲಾಗಿನ್ ಕೇಳಬಹುದು. ಅದು ಖಾಲಿ ಬಿಳಿ ಕಿಟಕಿಯಾಗಿ ನಿಂತರೆ ಥಂಡರ್‌ಬರ್ಡ್‌ನಲ್ಲಿ ಕುಕೀಸ್ ಬಂದ್ ಆಗಿರುತ್ತವೆ, ಅದೇ ಪ್ರೈವೆಸಿ ಪುಟದಲ್ಲಿ ಆನ್ ಮಾಡಿ.

ಒಂದು ಕಿವಿಮಾತು. ಲಾಗಿನ್ ಮಾಡುವಾಗ ಕೋಡ್ ಸಾಹುಕಾರರ ಫೋನ್‌ಗೇ ಹೋಗುತ್ತದೆ. ಅವರು ಹರಾಜಿನ ಹೊತ್ತಿನಲ್ಲಿ ಗಂಜ್‌ನಲ್ಲಿದ್ದಾಗ ಇದನ್ನು ಶುರು ಮಾಡಬೇಡಿ. ಅವರು ಮಿಲ್‌ನಲ್ಲಿ ಕೂತಿರುವಾಗ ಮಾಡಿ, ಒಂದೇ ಸಲದ ಕೆಲಸ. ಓಆಥ್2 ಬಾರದ ತುಂಬ ಹಳೆಯ ಪ್ರೋಗ್ರಾಂ ಇರುವವರು ಗೂಗಲ್ ಅಕೌಂಟ್‌ನಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ 'ಆ್ಯಪ್ ಪಾಸ್‌ವರ್ಡ್' ಪಡೆದು ಹಾಕಬಹುದು. ಆದರೆ ಮುಂದೆ ಯಾರಾದರೂ ಜಿಮೇಲ್‌ನ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದ ದಿನ ಆ 16 ಅಕ್ಷರವೂ ರದ್ದಾಗುತ್ತದೆ. ಮನೆಯಲ್ಲಿ ಮಗ ಪಾಸ್‌ವರ್ಡ್ ಬದಲಿಸಿದ್ದಕ್ಕೆ ಆಫೀಸಿನಲ್ಲಿ ಮೇಲ್ ನಿಂತಿತು ಅಂತ ಕಾರಣವೇ ಹೊಳೆಯದೆ ಒದ್ದಾಡಿದವರನ್ನು ನೋಡಿದ್ದೇನೆ. ಅದಕ್ಕೆ ಓಆಥ್2 ಸಿಕ್ಕರೆ ಅದನ್ನೇ ಹಿಡಿಯಿರಿ. ಔಟ್‌ಲುಕ್ ಡಾಟ್ ಕಾಮ್, ಹಾಟ್‌ಮೇಲ್ ವಿಳಾಸ ಇರುವವರಿಗೂ 2024ರ ಸೆಪ್ಟೆಂಬರ್‌ನಿಂದ ಬರೀ ಪಾಸ್‌ವರ್ಡ್ ನಡೆಯುವುದಿಲ್ಲ.

ಎರಡು ಅಕೌಂಟ್ ಇರುವ ನಿಮ್ಮಂಥವರಲ್ಲಿ ಇನ್ನೊಂದು ಗೊಂದಲ ಆಗುತ್ತದೆ. ಯಾವ ಅಕೌಂಟ್‌ಗೆ ಯಾವ ಕಳಿಸುವ ಸರ್ವರ್ ಅನ್ನುವುದು ತಾನಾಗಿ ಗೊತ್ತಾಗುವುದಿಲ್ಲ. ಎಡಗಡೆ ಅಕೌಂಟ್ ಹೆಸರಿನ ಮೇಲೆ ಒತ್ತಿದರೆ ಬಲಗಡೆ ಪುಟದ ಕೆಳಗೆ 'ಔಟ್‌ಗೋಯಿಂಗ್ ಸರ್ವರ್' ಅಂತ ಒಂದು ಪಟ್ಟಿ ಇರುತ್ತದೆ. ಮಿಲ್ ಅಕೌಂಟ್‌ಗೆ ಮಿಲ್‌ನ ಸರ್ವರ್, ಜಿಮೇಲ್‌ಗೆ ಜಿಮೇಲ್ ಸರ್ವರ್ ಇದೆಯಾ ನೋಡಿ. ಅದಲು ಬದಲಾದರೂ ಕೆಲವೊಮ್ಮೆ ಮೇಲ್ ಹೋಗಿಬಿಡುತ್ತದೆ, ಅದೇ ಅಪಾಯ. ಮಿಲ್ ವಿಳಾಸದ ಪತ್ರವನ್ನು ಜಿಮೇಲ್ ಸರ್ವರ್‌ನಿಂದ ಕಳಿಸಿದರೆ, ಆ ವಿಳಾಸವನ್ನು ಜಿಮೇಲ್‌ನಲ್ಲಿ ಮೊದಲೇ ನೋಂದಾಯಿಸಿರದಿದ್ದರೆ, ಗೂಗಲ್ ಕಳಿಸಿದವರ ಜಾಗದಲ್ಲಿ ಸಾಹುಕಾರರ ಜಿಮೇಲ್ ವಿಳಾಸ ಬರೆದುಬಿಡುತ್ತದೆ. ಖರೀದಿದಾರರಿಗೆ ಗುರುತಿಲ್ಲದ ವಿಳಾಸದಿಂದ ಬಿಲ್ ಬಂದ ಹಾಗೆ. ಇತ್ತೀಚೆಗೆ ಬ್ಯಾಂಕ್ ಖಾತೆ ಬದಲಾಗಿದೆ ಅಂತ ಸುಳ್ಳು ಮೇಲ್ ಕಳಿಸಿ ಮೋಸ ಮಾಡುವವರು ಇರುವಾಗ ಅವರು ಹಣ ತಡೆಹಿಡಿದರೆ ತಪ್ಪೇನಿಲ್ಲ.

ಇದಕ್ಕೇ ಹತ್ತಿಕೊಂಡ ನಮ್ಮೂರಿನದೇ ಒಂದು ಸಂಗತಿ ಇದೆ. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿ ಆಯಿತು. ಹೆಸರಲ್ಲಿ ಗುಲಬರ್ಗಾ ಇದ್ದವರು ಕೆಲವರು ಹೊಸ ಮೇಲ್ ವಿಳಾಸ ಮಾಡಿಸಿಕೊಂಡರು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ (ಭೌಗೋಳಿಕ) ಗುರುತು ಸಿಕ್ಕ ಮೇಲಂತೂ ಕಲಬುರಗಿ ಅನ್ನುವ ಹೆಸರಿಗೇ ಬೆಲೆ. ಆದರೆ ಹಳೆಯ ಕಂಪ್ಯೂಟರ್‌ನಲ್ಲಿ ಕಳಿಸುವವರ ವಿಳಾಸ ಹೊಸದು, ಜಾವಕದ ಯೂಸರ್ ನೇಮ್ ಮಾತ್ರ ಹಳೆಯದು, ಹೀಗೆ ಉಳಿದಿರುತ್ತದೆ. ಆಗ ಸರ್ವರ್ 553 ಅಥವಾ 550 ಅನ್ನುವ ನಂಬರ್ ಹಿಡಿದು ವಾಪಸ್ ಕಳಿಸುತ್ತದೆ, 'ಈ ವಿಳಾಸ ನಿಮ್ಮದಲ್ಲ' ಅಂತ. ನಿಮ್ಮ ಮಿಲ್ ಹೆಸರು ಬದಲಾಗಿದ್ದರೆ ಎರಡೂ ಕಡೆ ಅಕ್ಷರ ಅಕ್ಷರ ಹೋಲಿಸಿ ನೋಡಿ.

ನಂಬರ್ ಅಂದೆನಲ್ಲ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಜನ ತಪ್ಪಿನ ಸಂದೇಶ ಕಂಡ ಕೂಡಲೇ ಓಕೆ ಒತ್ತಿ, ಆಮೇಲೆ 'ಏನೋ ಇಂಗ್ಲಿಷ್‌ನಲ್ಲಿ ಬಂತು' ಅನ್ನುತ್ತಾರೆ. ಓಕೆ ಒತ್ತುವ ಮೊದಲು ಫೋಟೋ ತೆಗೆಯಿರಿ. ಮೂರಂಕಿಯ ನಂಬರ್ 4ರಿಂದ ಶುರುವಾದರೆ 'ಈಗ ಆಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ'. 5ರಿಂದ ಶುರುವಾದರೆ 'ಹೀಗೇ ಕಳಿಸಿದರೆ ಎಂದೂ ಆಗುವುದಿಲ್ಲ, ಏನಾದರೂ ಬದಲಾಯಿಸು'. 5 ಬಂದಾಗ ಅದೇ ಮೇಲ್ ಹತ್ತು ಸಲ ಒತ್ತುವುದು ಸುಮ್ನೆ ವ್ಯರ್ಥ. ಪಾಸ್‌ವರ್ಡ್ ತಪ್ಪಿದ್ದಾಗ ಹಾಗೆ ಒತ್ತುತ್ತಾ ಹೋದರೆ ಕೆಲವು ಸರ್ವರ್‌ಗಳು ಸ್ವಲ್ಪ ಹೊತ್ತು ನಿಮ್ಮನ್ನೇ ಹೊರಗೆ ಇಡುತ್ತವೆ. ಆಮೇಲೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಪ್ಪುವುದಿಲ್ಲ.

ಕಂಪ್ಯೂಟರ್‌ನ ಗಡಿಯಾರವನ್ನೂ ನೋಡಿ. ಇದು ಮೇಲ್‌ಗೆ ಸಂಬಂಧವೇ ಇಲ್ಲದ ಮಾತು ಅನ್ನಿಸಬಹುದು. ಹೋದ ಬೇಸಿಗೆಯಲ್ಲಿ ಶಹಾಬಾದ್ ಕಡೆ ಒಂದು ಫರ್ಸಿ ಕಲ್ಲಿನ ಅಂಗಡಿಗೆ ಹೋಗಿದ್ದೆ. ಕಲ್ಲು ಕೊಯ್ಯುವ ಬಿಳಿ ಧೂಳು ಕೀಬೋರ್ಡ್ ಮೇಲೆ ಹಿಟ್ಟಿನ ಹಾಗೆ ಕೂತಿತ್ತು. ಯುಪಿಎಸ್ ಕೆಟ್ಟು ಎಷ್ಟೋ ದಿನ ಆಗಿತ್ತು. ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ತಟ್ಟನೆ ಆರುತ್ತಿತ್ತು. ಮೇಲ್ ಕಳಿಸಿದರೆ ಸರ್ಟಿಫಿಕೇಟ್, ಅಂದರೆ ಸರ್ವರ್‌ನ ಗುರುತಿನ ಚೀಟಿ, ಸರಿ ಇಲ್ಲ ಅಂತ ಬರುತ್ತಿತ್ತು. ಕೆಳಗೆ ಬಲಮೂಲೆಯಲ್ಲಿ ತಾರೀಖು ನೋಡಿದೆ, ಜನವರಿ 1, ಹದಿಮೂರು ವರ್ಷ ಹಿಂದಿನದು. ಮದರ್‌ಬೋರ್ಡ್ ಮೇಲಿನ ರೂಪಾಯಿ ಗಾತ್ರದ ಬ್ಯಾಟರಿ ಸತ್ತಿತ್ತು. ಸರ್ವರ್ ತೋರಿಸುವ ಸರ್ಟಿಫಿಕೇಟ್‌ಗೆ ಇಂತಿಷ್ಟು ತಾರೀಖಿನಿಂದ ಇಂತಿಷ್ಟು ತಾರೀಖಿನವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ ಹಿಂದಿನ ಕಾಲದಲ್ಲಿ ನಿಂತಿದ್ದರೆ ಅದರ ಕಣ್ಣಿಗೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ. ಸಿಆರ್2032 ಅನ್ನುವ ಬ್ಯಾಟರಿ ಯಾವ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಹಾಕಿ, ತಾರೀಖು ಸರಿ ಮಾಡಿದ ಕೂಡಲೇ ಮೇಲ್ ಹೋಯಿತು.

ತಾರೀಖು ಸರಿ ಇದ್ದೂ ಸರ್ಟಿಫಿಕೇಟ್ ತಕರಾರು ಬಂದರೆ ಎರಡು ಕಡೆ ನೋಡಿ. ಒಂದು, ಆ್ಯಂಟಿವೈರಸ್. ಕೆಲವು ಆ್ಯಂಟಿವೈರಸ್‌ಗಳು ಮೇಲ್ ತಪಾಸಣೆಗೆ ಅಂತ ನಡುವೆ ನಿಂತು ತಮ್ಮದೇ ಸರ್ಟಿಫಿಕೇಟ್ ತೋರಿಸುತ್ತವೆ. ಅದರ ಮೇಲ್ ಶೀಲ್ಡ್ ಒಂದನ್ನೇ ಹತ್ತು ನಿಮಿಷ ಆಫ್ ಮಾಡಿ ಪರೀಕ್ಷಿಸಿ. ಪೂರ್ತಿ ಆ್ಯಂಟಿವೈರಸ್ ತೆಗೆಯಬೇಡಿ. ಎರಡು, ಸ್ವಂತ ಡೊಮೈನ್‌ನ ಮೇಲ್ ನೂರಾರು ಗಿರಾಕಿಗಳ ಒಂದೇ ಸರ್ವರ್‌ನಲ್ಲಿ ಇರುತ್ತದೆ. ಸರ್ಟಿಫಿಕೇಟ್ ಆ ದೊಡ್ಡ ಸರ್ವರ್ ಹೆಸರಿಗೆ ಇರುತ್ತದೆ, ನೀವು ಹಾಕಿದ ಹೆಸರು ನಿಮ್ಮ ಡೊಮೈನ್‌ದು. ಡೊಮೈನ್ ಕೊಟ್ಟವರಿಂದ ಸರ್ವರ್‌ನ ನಿಜವಾದ ಹೆಸರು ಕೇಳಿ ಹಾಕಿ. 'ಸೆಕ್ಯುರಿಟಿ ಎಕ್ಸೆಪ್ಷನ್' ಒತ್ತಿ ಮುಂದೆ ಹೋಗುವುದು ಸುಲಭ, ಆದರೆ ಹಣದ ವ್ಯವಹಾರದ ಕಂಪ್ಯೂಟರ್‌ನಲ್ಲಿ ಅದು ನನಗೆ ಒಪ್ಪಿಗೆ ಇಲ್ಲ.

ಮೈಕ್ರೋಸಾಫ್ಟ್ ಔಟ್‌ಲುಕ್ ಬಳಸುವವರಿಗೂ ಮಾತು ಇದೇ, ಜಾಗ ಮಾತ್ರ ಬೇರೆ. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್ ಒಳಗೆ 'ಮೋರ್ ಸೆಟ್ಟಿಂಗ್ಸ್', ಅದರಲ್ಲಿ 'ಔಟ್‌ಗೋಯಿಂಗ್ ಸರ್ವರ್' ಅನ್ನುವ ಟ್ಯಾಬ್. ಕಳಿಸುವ ಸರ್ವರ್‌ಗೆ ಅಥೆಂಟಿಕೇಶನ್ ಬೇಕು ಅನ್ನುವ ಚೌಕಕ್ಕೆ ಟಿಕ್ ಇರದಿದ್ದರೆ ಪಾಸ್‌ವರ್ಡ್ ಕೊಡುವುದೇ ಇಲ್ಲ, ಸರ್ವರ್ ಒಪ್ಪುವುದೂ ಇಲ್ಲ. ಪೋರ್ಟ್ ಪಕ್ಕದ 'ಅಡ್ವಾನ್ಸ್ಡ್' ಟ್ಯಾಬ್‌ನಲ್ಲಿದೆ.

ಕೆಲವು ಮೇಲ್ ಹೋಗಿ ಕೆಲವು ನಿಲ್ಲುತ್ತಿದ್ದರೆ ಸೆಟ್ಟಿಂಗ್ ಮುಟ್ಟಬೇಡಿ, ಜೊತೆಗೆ ಇಟ್ಟ ಫೈಲ್ ಎಷ್ಟು ದೊಡ್ಡದು ನೋಡಿ. ಪ್ರತಿ ಸರ್ವರ್‌ಗೂ ಒಂದು ಮಿತಿ ಇರುತ್ತದೆ. ಆದರೆ ಮೇಲ್‌ನಲ್ಲಿ ಫೈಲ್ ಅಕ್ಷರಗಳ ರೂಪಕ್ಕೆ ಬದಲಾಗಿ ಹೋಗುವುದರಿಂದ ಮೂರನೇ ಒಂದು ಪಾಲು ಉಬ್ಬುತ್ತದೆ. 20 ಎಂಬಿ ಫೈಲ್ ದಾರಿಯಲ್ಲಿ ಸುಮಾರು 27 ಆಗುತ್ತದೆ. 552 ಅನ್ನುವ ನಂಬರ್ ಅಂದರೆ ಸಾಮಾನ್ಯವಾಗಿ ಇದೇ. ಬಿಲ್, ತೂಕದ ಚೀಟಿ ಸ್ಕ್ಯಾನ್ ಮಾಡುವಾಗ 600 ಡಿಪಿಐ ಬೇಕಿಲ್ಲ. 200ರಲ್ಲಿ ಕಪ್ಪು-ಬಿಳುಪು ಸಾಕು, ಅಂಕಿ ಚೆನ್ನಾಗಿ ಓದಲು ಬರುತ್ತದೆ.

ಇನ್ನು 'ಕಳಿಸಲಾಗಿದೆ, ಆದರೆ ಸೆಂಟ್ ಫೋಲ್ಡರ್‌ಗೆ ನಕಲು ಮಾಡಲಾಗಲಿಲ್ಲ' ಅನ್ನುವ ಅರ್ಥದ ಸಂದೇಶ ಜಿಮೇಲ್‌ನಲ್ಲಿ ಬರಬಹುದು. ಅದರಲ್ಲಿ 'ರೀಟ್ರೈ' ಒತ್ತಿದರೆ ನಕಲನ್ನು ಮಾತ್ರ ಮತ್ತೆ ಪ್ರಯತ್ನಿಸುತ್ತದೆ, ಅದು ಸರಿ. ಆದರೆ ಪತ್ರ ಹೋಗಿಲ್ಲ ಅಂತ ತಿಳಿದು ಹೊಸದಾಗಿ ಸೆಂಡ್ ಒತ್ತಿದರೆ ಆ ಕಡೆಯವರಿಗೆ ಒಂದೇ ಬಿಲ್ ಎರಡು, ಮೂರು ಸಲ ಹೋಗುತ್ತದೆ. ಪತ್ರ ಹೋಗಿದೆ, ಕಾರ್ಬನ್ ಪ್ರತಿ ಮಾತ್ರ ಫೈಲ್‌ಗೆ ಸೇರಿಲ್ಲ.

ಕೊನೆಗೆ ಔಟ್‌ಬಾಕ್ಸ್‌ನ ಆ 17 ಮೇಲ್. ಪೋರ್ಟ್ ಸರಿ ಮಾಡಿ, ಪರೀಕ್ಷೆಯ ಮೇಲ್ ನಿಮಗೇ ಬಂದ ಮೇಲೆ ಥಟ್ಟನೆ 'ಸೆಂಡ್ ಅನ್‌ಸೆಂಟ್ ಮೆಸೇಜಸ್' ಒತ್ತಬೇಡಿ. ಈ ಒಂದು ವಾರದಲ್ಲಿ ಅವಸರಕ್ಕೆ ವಾಟ್ಸಾಪ್‌ನಲ್ಲಿ ಕಳಿಸಿದ ಬಿಲ್ ಇರುತ್ತವೆ. ತೊಗರಿಯ ದರ ಬದಲಾಗಿ ಹಳೆಯ ಕೊಟೇಶನ್‌ಗೆ ಈಗ ಅರ್ಥವಿರದು. ಒಂದೊಂದಾಗಿ ತೆರೆದು ನೋಡಿ. ಬೇಡವಾದದ್ದನ್ನು 'ಡ್ರಾಫ್ಟ್ಸ್' ಫೋಲ್ಡರ್‌ಗೆ ಎಳೆದು ಹಾಕಿ. ಉಳಿದವು ಮಿಲ್ ಅಕೌಂಟ್‌ನಿಂದಲೇ ಬರೆದವಾ, ಜಿಮೇಲ್‌ನಿಂದ ಪ್ರಯತ್ನಿಸಿದವಾ ಅಂತ ಕಳಿಸುವವರ ಸಾಲಿನಲ್ಲಿ ನೋಡಿಕೊಂಡು ಆಮೇಲೆ ಒತ್ತಿ. ಅಷ್ಟಾಗಿಯೂ ಒಂದು ನಿಂತರೆ ಆ ಸಂದೇಶದ ಫೋಟೋ ಮತ್ತು ಔಟ್‌ಗೋಯಿಂಗ್ ಸರ್ವರ್ ಪೆಟ್ಟಿಗೆಯ ಫೋಟೋ ಎರಡನ್ನೂ ನನಗೆ ಕಳಿಸಿ. ಪಾಸ್‌ವರ್ಡ್ ಮಾತ್ರ ಯಾರಿಗೂ ಬರೆಯಬೇಡಿ, ನನಗೂ ಬೇಡ.